ಸಾಲ ಕಟ್ಟಿದ ಮನೆಗಳು: ಐರ್ಲೆಂಡ್, 1996ರಿಂದ ಈಚೆಗೆ

2006ರಲ್ಲಿ ಐರ್ಲೆಂಡ್‌ನ ಜನಸಂಖ್ಯೆ ಸುಮಾರು 42 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ 2001ರ ಜನಗಣತಿ ಎಣಿಸಿದಷ್ಟೇ ಜನ. ಆ ಒಂದೇ ವರ್ಷದಲ್ಲಿ ಅಲ್ಲಿ ಹತ್ತಿರಹತ್ತಿರ 90 ಸಾವಿರ ಹೊಸ ಮನೆಗಳು ಕಟ್ಟಿ ಮುಗಿದವು ಎಂದು ಆಗಿನ ಸರ್ಕಾರಿ ಲೆಕ್ಕ ಹೇಳುತ್ತಿತ್ತು. ಹದಿನಾಲ್ಕು ಪಟ್ಟು ಹೆಚ್ಚು ಜನರಿದ್ದ ಪಕ್ಕದ ಬ್ರಿಟನ್ ಅದೇ ವರ್ಷ ಕಟ್ಟಿದ್ದು ಎರಡು ಲಕ್ಷದ ಆಸುಪಾಸು. ಮಾರುಕಟ್ಟೆಗೆ ಸರಕು ಹೀಗೆ ಬಂದು ಬಿದ್ದರೆ ಬೆಲೆ ಇಳಿಯಬೇಕು. ಈರುಳ್ಳಿಯಾಗಲಿ, ಟೊಮೆಟೊ ಆಗಲಿ, ಹಾಗೆಯೇ ಇಳಿಯುತ್ತದೆ. ಐರ್ಲೆಂಡ್‌ನಲ್ಲಿ ಮನೆಯ ಬೆಲೆ ಇಳಿಯಲಿಲ್ಲ. 1996ರಲ್ಲಿ ಒಂದು ಹೊಸ ಮನೆಯ ಸರಾಸರಿ ಬೆಲೆ, ಆಗಿನ ಐರಿಶ್ ಪೌಂಡನ್ನು ಯೂರೊಗೆ ತಿರುಗಿಸಿ ನೋಡಿದರೆ, ಸುಮಾರು 87 ಸಾವಿರ ಯೂರೊ. 2007ರಲ್ಲಿ ಅದು 3 ಲಕ್ಷ 20 ಸಾವಿರ ದಾಟಿತ್ತು. ಕಟ್ಟಿದಷ್ಟೂ ಬೆಲೆ ಏರಿತು.

ಕಟ್ಟುವವನಿಗೂ ಕೊಳ್ಳುವವನಿಗೂ ಹಣ ಬರುತ್ತಿದ್ದದ್ದು ಒಂದೇ ಬ್ಯಾಂಕಿನಿಂದ ಎಂಬುದನ್ನು ಗಮನಿಸದಿದ್ದರೆ ಇದು ಅರ್ಥವಾಗುವುದಿಲ್ಲ.

ಹಾಗೆಂದು ಇಡೀ ಕಥೆಯನ್ನು ಬ್ಯಾಂಕುಗಳ ತಲೆಗೇ ಕಟ್ಟಿದರೆ ಅನ್ಯಾಯವಾಗುತ್ತದೆ. ಶುರುವಿನ ಏರಿಕೆ ಪ್ರಾಮಾಣಿಕವಾದದ್ದು. 1980ರ ದಶಕದ ಐರ್ಲೆಂಡ್ ಬಡತನದ ಅಂಚಿನಲ್ಲಿದ್ದ ದೇಶ. ದುಡಿಯಬಲ್ಲ ನೂರು ಜನರಲ್ಲಿ ಹದಿನೇಳು ಮಂದಿಗೆ ಕೆಲಸವಿರಲಿಲ್ಲ. ಓದಿದ ಮಕ್ಕಳು ಲಂಡನ್‌ಗೋ ಬಾಸ್ಟನ್‌ಗೋ ಹಡಗು, ವಿಮಾನ ಹತ್ತುತ್ತಿದ್ದರು. 1989ರಲ್ಲಿ ಇಂಟೆಲ್ ಕಂಪನಿ ಡಬ್ಲಿನ್ ಸಮೀಪದ ಲೀಕ್ಸ್‌ಲಿಪ್‌ಗೆ ಬಂತು. ಅದರ ಬೆನ್ನಿಗೇ ಔಷಧ, ಕಂಪ್ಯೂಟರ್ ಕಂಪನಿಗಳು ಬಂದವು. ಕಡಿಮೆ ಕಂಪನಿ ತೆರಿಗೆ, ಇಂಗ್ಲಿಷ್ ಬಲ್ಲ ಓದಿದ ಯುವಜನ, ಯುರೋಪಿನ ನೆರವು ಎಲ್ಲ ಕೂಡಿಬಂದವು. ತೊಂಬತ್ತರ ದಶಕದ ಕೊನೆಗೆ ಆರ್ಥಿಕತೆ ವರ್ಷಕ್ಕೆ ಶೇ 9ರ ಆಸುಪಾಸಿನಲ್ಲಿ ಬೆಳೆಯಿತು. 2000ರ ಹೊತ್ತಿಗೆ ನಿರುದ್ಯೋಗ ಶೇ 4ಕ್ಕೆ ಇಳಿಯಿತು. ಹೊರಗೆ ಹೋದವರು ಮರಳಿದರು, ಹೆಂಗಸರು ಕೆಲಸಕ್ಕೆ ಸೇರಿದರು, ಒಂದು ಸಂಬಳದ ಮನೆಗಳು ಎರಡು ಸಂಬಳದ ಮನೆಗಳಾದವು. 1991ರಲ್ಲಿ 35 ಲಕ್ಷವಿದ್ದ ಜನಸಂಖ್ಯೆ ಹದಿನೈದು ವರ್ಷಗಳಲ್ಲಿ ಏಳು ಲಕ್ಷ ಹೆಚ್ಚಿತು. ಇಂಥ ದೇಶದಲ್ಲಿ ಮನೆಯ ಬೆಲೆ ಏರದೆ ಇರುತ್ತದೆಯೇ?

ಇದರ ಜೊತೆಗೆ ಒಂದು ಹಳೆಯ ಹಸಿವೂ ಇತ್ತು. 1845ರಿಂದ ಶುರುವಾದ ಮಹಾಕ್ಷಾಮದಲ್ಲಿ ಬಾಡಿಗೆ ಕಟ್ಟಲಾರದ ಒಕ್ಕಲುಗಳನ್ನು ಜಮೀನ್ದಾರರು ಗುಡಿಸಲಿನಿಂದ ಹೊರಗೆ ಎಸೆದ ನೆನಪು ಆ ಜನರಲ್ಲಿ ಆರಿರಲಿಲ್ಲ. ಭೂಮಿಗಾಗಿ ಹೋರಾಡಿ, 1903ರ ಕಾಯ್ದೆಯಿಂದ ಒಕ್ಕಲುಗಳು ದೊಡ್ಡ ಸಂಖ್ಯೆಯಲ್ಲಿ ಒಡೆಯರಾದರು. ನಮ್ಮಲ್ಲಿ 1974ರ ಭೂಸುಧಾರಣೆಯ ಮೇಲೆ ಗೇಣಿ ಜಮೀನು ಸ್ವಂತದ್ದಾದಾಗ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಏನಾಯಿತೆಂದು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 1991ರಲ್ಲಿ ಐರ್ಲೆಂಡ್‌ನ ಸುಮಾರು ಶೇ 80ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು; ಯುರೋಪಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೊಂದು. ಬಾಡಿಗೆ ಮನೆಯಲ್ಲಿ ಇರುವುದೆಂದರೆ ಬದುಕಿನಲ್ಲಿ ನೆಲೆ ನಿಲ್ಲದಿರುವುದು ಎಂಬ ಭಾವ ಅಲ್ಲಿ ಬೇರೂರಿತ್ತು.

ಹಸಿವು ಹಳೆಯದು, ಸಂಬಳ ಹೊಸದು. ಆದರೆ ಬೆಲೆಯನ್ನು ಹನ್ನೊಂದು ವರ್ಷಗಳಲ್ಲಿ ಮೂರೂವರೆ ಪಟ್ಟು ಮೀರಿಸಲು ಇವೆರಡೇ ಸಾಲವು. ಉಳಿದ ಕೆಲಸ ಮಾಡಿದ್ದು ಬಡ್ಡಿ ಮತ್ತು ಸಾಲ. ಅದು ಹೇಗೆಂದು ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕುಟುಂಬ ತಿಂಗಳಿಗೆ 1,000 ಯೂರೊ ಕಂತು ಕಟ್ಟಬಲ್ಲದು ಎಂದಿಟ್ಟುಕೊಳ್ಳಿ. ಬಡ್ಡಿ ಶೇ 10, ಅವಧಿ 20 ವರ್ಷ ಇದ್ದರೆ ಆ ಕಂತಿಗೆ ಸಿಗುವ ಸಾಲ ಸುಮಾರು 1 ಲಕ್ಷ 4 ಸಾವಿರ. ತೊಂಬತ್ತರ ದಶಕದ ಆರಂಭದಲ್ಲಿ ಐರ್ಲೆಂಡ್‌ನ ಗೃಹಸಾಲದ ಬಡ್ಡಿ ಶೇ 10ನ್ನು ದಾಟಿತ್ತು. ಈಗ ಬಡ್ಡಿಯನ್ನು ಶೇ 4ಕ್ಕೆ ಇಳಿಸಿ, ಅವಧಿಯನ್ನು 35 ವರ್ಷಕ್ಕೆ ಎಳೆಯಿರಿ. ಅದೇ 1,000 ಯೂರೊ ಕಂತಿಗೆ 2 ಲಕ್ಷ 25 ಸಾವಿರ ಸಾಲ ಸಿಗುತ್ತದೆ. ಸಂಬಳ ಒಂದು ಪೈಸೆ ಏರಿಲ್ಲ, ಕಂತು ಒಂದು ಪೈಸೆ ಹೆಚ್ಚಿಲ್ಲ. ಕೊಳ್ಳುವ ಶಕ್ತಿ ಮಾತ್ರ ಎರಡು ಪಟ್ಟು ಮೀರಿತು. ಇದು ಒಬ್ಬರಿಗೆ ಮಾತ್ರ ಸಿಕ್ಕಿದ್ದರೆ ಅವರು ದೊಡ್ಡ ಮನೆ ಕೊಳ್ಳುತ್ತಿದ್ದರು. ಊರಿನ ಎಲ್ಲರಿಗೂ ಒಟ್ಟಿಗೆ ಸಿಕ್ಕಿದ್ದರಿಂದ ಅದೇ ಮನೆ ಎರಡು ಪಟ್ಟು ಬೆಲೆಗೆ ಮಾರಿತು. ಮನೆ ಕೊಂಡವನಿಗೆ ಇದರಿಂದ ಲಾಭವಾಗಲಿಲ್ಲ, ಮೊದಲೇ ಜಮೀನು ಇದ್ದವನಿಗೆ ಆಯಿತು. ಬಡ್ಡಿ ಇಳಿದಾಗ ಸಂತೋಷಪಡುವ ಮಧ್ಯಮ ವರ್ಗ ಈ ಲೆಕ್ಕವನ್ನು ಎಲ್ಲ ದೇಶಗಳಲ್ಲೂ ಮರೆಯುತ್ತದೆ.

ಬಡ್ಡಿ ಇಳಿದದ್ದು ಯೂರೊ ಬಂದದ್ದರಿಂದ. 1999ರ ಜನವರಿ 1ರಂದು ಐರ್ಲೆಂಡ್ ಹೊಸ ಕರೆನ್ಸಿಗೆ ಸೇರಿತು. ಅಂದಿನಿಂದ ಅದರ ಬಡ್ಡಿ ದರ ನಿಗದಿಯಾಗುತ್ತಿದ್ದದ್ದು ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ. ಆಗ ಜರ್ಮನಿಯ ಆರ್ಥಿಕತೆ ತೆವಳುತ್ತಿತ್ತು, ಅದಕ್ಕೆ ಅಗ್ಗದ ಬಡ್ಡಿ ಬೇಕಿತ್ತು. 2003ರ ಜೂನ್‌ನಲ್ಲಿ ದರ ಶೇ 2ಕ್ಕೆ ಇಳಿದು ಎರಡೂವರೆ ವರ್ಷ ಅಲ್ಲೇ ನಿಂತಿತು. ಆದರೆ ಐರ್ಲೆಂಡ್ ಆಗಲೇ ಕಾವೇರಿದ್ದ ದೇಶ. ಅದಕ್ಕೆ ಬೇಕಿದ್ದದ್ದು ದುಬಾರಿ ಬಡ್ಡಿ, ಸಿಕ್ಕಿದ್ದು ಅಗ್ಗದ್ದು.

ಇನ್ನೂ ದೊಡ್ಡ ಬದಲಾವಣೆ ಬ್ಯಾಂಕಿನ ಹಿಂಬಾಗಿಲಲ್ಲಿ ಆಯಿತು. ಮೊದಲು ಐರಿಶ್ ಬ್ಯಾಂಕುಗಳು ಐರಿಶ್ ಜನರ ಠೇವಣಿಯನ್ನೇ ಸಾಲ ಕೊಡುತ್ತಿದ್ದವು. ಠೇವಣಿ ಎಷ್ಟು ಬೆಳೆಯುತ್ತದೋ ಸಾಲವೂ ಅಷ್ಟೇ ಬೆಳೆಯಬೇಕು. ಯೂರೊ ಬಂದ ಮೇಲೆ ಕರೆನ್ಸಿ ಕುಸಿಯುವ ಭಯವಿಲ್ಲದೆ ಬೇರೆ ದೇಶಗಳ ಬ್ಯಾಂಕುಗಳಿಂದ, ಬಾಂಡ್ ಮಾರುಕಟ್ಟೆಯಿಂದ ಬೇಕಾದಷ್ಟು ಹಣ ತರಬಹುದಾಯಿತು. 2003ರ ಕೊನೆಯಲ್ಲಿ ಐರಿಶ್ ಬ್ಯಾಂಕುಗಳು ಹೊರದೇಶಗಳಿಗೆ ಕೊಡಬೇಕಿದ್ದ ನಿವ್ವಳ ಸಾಲ ದೇಶದ ಜಿಡಿಪಿಯ ಶೇ 10ರಷ್ಟಿತ್ತು. 2008ರ ಆರಂಭಕ್ಕೆ ಅದು ಶೇ 60 ದಾಟಿತು. ಬಿಕ್ಕಟ್ಟಿನ ನಂತರ ತನಿಖೆ ಮಾಡಿದ ಪ್ಯಾಟ್ರಿಕ್ ಹೊನಹನ್ ಅವರ ವರದಿಯಲ್ಲಿ ಈ ಅಂಕಿ ಇದೆ. ನನ್ನ ಮಟ್ಟಿಗೆ ಇಡೀ ಇತಿಹಾಸದ ಕೀಲಿ ಇದೊಂದೇ. 2003ರ ಹಿಂದಿನ ಏರಿಕೆ ದುಡಿಮೆಯದು, ನಂತರದ್ದು ತಂದ ಹಣದ್ದು.

ತಂದ ಹಣವನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಯಾರಿಗಾದರೂ ಕೊಡಬೇಕು. 1999ರಲ್ಲೇ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಐರ್ಲೆಂಡ್‌ನ ಗೃಹಸಾಲದ ಕಣಕ್ಕೆ ಇಳಿದು ದರ ಕಡಿತದ ಪೈಪೋಟಿ ಹಚ್ಚಿತ್ತು. ದರದಲ್ಲಿ ಇನ್ನು ಕಡಿತ ಸಾಧ್ಯವಿಲ್ಲ ಎಂದಾದಾಗ ಪೈಪೋಟಿ ಷರತ್ತುಗಳಿಗೆ ತಿರುಗಿತು. ಅವಧಿ 20ರಿಂದ 25, 30, 35 ವರ್ಷಕ್ಕೆ ಹೋಯಿತು. 2005ರಲ್ಲಿ ಫಸ್ಟ್ ಆ್ಯಕ್ಟಿವ್ ಮನೆಯ ಬೆಲೆಯ ಪೂರ್ತಿ ಶೇ 100ರಷ್ಟನ್ನೂ ಸಾಲ ಕೊಡುವುದಾಗಿ ಸಾರಿತು. ಉಳಿದ ಬ್ಯಾಂಕುಗಳು ಹಿಂಬಾಲಿಸಿದವು. ಮರುವರ್ಷದ ಹೊತ್ತಿಗೆ ಮೊದಲ ಬಾರಿ ಮನೆ ಕೊಳ್ಳುವವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಕೈಯಿಂದ ಒಂದು ಕಾಸೂ ಹಾಕದೆ ಮನೆ ಕೊಂಡಿದ್ದರು. ಕೈಯ ಹಣ ಹಾಕಿದವನಿಗೆ ಬೆಲೆ ಜಾಸ್ತಿಯಾಯಿತೆಂಬ ಚಿಂತೆ ಇರುತ್ತದೆ. ಹಾಕದವನಿಗೆ ಕಂತು ಎಷ್ಟು ಎಂಬುದಷ್ಟೇ ಮುಖ್ಯ.

ಡಬ್ಲಿನ್‌ನ ಹೊರವಲಯದಲ್ಲಿ ಹೊಸ ಬಡಾವಣೆಯ ಮಾರಾಟ ಶುರುವಾಗುವ ಹಿಂದಿನ ರಾತ್ರಿ ಜನ ಕಾರಿನಲ್ಲಿ ಮಲಗಿ ಕಾಯುತ್ತಿದ್ದ ಕಾಲ ಅದು. ಮಾರಾಟ ಹಂತಗಳಲ್ಲಿ ನಡೆಯುತ್ತಿತ್ತು: ಮೊದಲ ಹಂತದ ಮನೆಗಳು ಒಂದು ಬೆಲೆಗೆ, ಕೆಲವು ವಾರ ಬಿಟ್ಟು ಅಂಥವೇ ಎರಡನೇ ಹಂತದ ಮನೆಗಳು ಇನ್ನೂ ಹೆಚ್ಚಿನ ಬೆಲೆಗೆ. ಇವತ್ತು ತಪ್ಪಿದರೆ ಜನ್ಮದಲ್ಲಿ ಮನೆ ಇಲ್ಲ ಎಂಬ ದಿಗಿಲು ಮೂವತ್ತರ ಆಸುಪಾಸಿನ ಶಿಕ್ಷಕಿ, ನರ್ಸ್, ಪೊಲೀಸ್ ದಂಪತಿಗಳನ್ನು ಕಾಡುತ್ತಿತ್ತು. ಅವರನ್ನು ದುರಾಸೆಯವರೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಹೆದರಿದ್ದರು.

ಬೆಲೆ ಹೀಗೆ ಏರಿದಾಗ ಬ್ಯಾಂಕಿನ ಪುಸ್ತಕದಲ್ಲಿ ಏನಾಗುತ್ತದೆ ನೋಡಿ. ಬೀದಿಯಲ್ಲಿ ಒಂದು ಮನೆ ಶೇ 100 ಸಾಲದ ಬಲದಿಂದ ನಾಲ್ಕು ಲಕ್ಷಕ್ಕೆ ಮಾರಿತೆಂದರೆ, ಮಾರದೆ ಉಳಿದ ಮೂವತ್ತು ಮನೆಗಳೂ ಕಾಗದದ ಮೇಲೆ ನಾಲ್ಕು ಲಕ್ಷದವಾಗುತ್ತವೆ. ಆ ಮೂವತ್ತು ಮನೆಗಳ ಅಡಮಾನದ ಬೆಲೆ ಹೆಚ್ಚಿತು. ಅಂದರೆ ಹಳೆಯ ಸಾಲಗಳೆಲ್ಲ ಇನ್ನಷ್ಟು ಭದ್ರವಾಗಿ ಕಂಡವು, ಬ್ಯಾಂಕಿನ ಲಾಭ ಚೆನ್ನಾಗಿ ಕಂಡಿತು, ಇನ್ನಷ್ಟು ಸಾಲ ಕೊಡಲು ಧೈರ್ಯ ಬಂತು. ಆ ಸಾಲ ಬೆಲೆಯನ್ನು ಮತ್ತೆ ಮೇಲಕ್ಕೆ ತಳ್ಳಿತು. ಸಾಲಕ್ಕೆ ಆಧಾರ ಮನೆಯ ಬೆಲೆ, ಮನೆಯ ಬೆಲೆಗೆ ಆಧಾರ ಸಾಲ. ಮೂರನೆಯ ಆಧಾರವೊಂದು ಇರಲೇ ಇಲ್ಲ.

ಈ ಸುತ್ತು ಸಾಮಾನ್ಯ ಮನೆಗಳಿಗಿಂತ ಹೆಚ್ಚು ವೇಗವಾಗಿ ತಿರುಗಿದ್ದು ಬಿಲ್ಡರ್‌ಗಳ ನಿವೇಶನಗಳಲ್ಲಿ. ಅಲ್ಲಿಯ ನಾಯಕ ಆಂಗ್ಲೋ ಐರಿಶ್ ಬ್ಯಾಂಕ್. ಶಾನ್ ಫಿಟ್ಸ್‌ಪ್ಯಾಟ್ರಿಕ್ ಇದನ್ನು ಸಣ್ಣ ಸಂಸ್ಥೆಯಿಂದ ಬೆಳೆಸಿದವರು. 2005ರಲ್ಲಿ ಮುಖ್ಯಾಧಿಕಾರಿಯ ಸ್ಥಾನವನ್ನು ಡೇವಿಡ್ ಡ್ರಮ್ ಅವರಿಗೆ ಬಿಟ್ಟು ತಾವು ಅಧ್ಯಕ್ಷರಾದರು. ಬೀದಿಬೀದಿಗೆ ಶಾಖೆಗಳಿಲ್ಲ, ಸಣ್ಣ ಗ್ರಾಹಕರಿಲ್ಲ. ಬೆರಳೆಣಿಕೆಯ ದೊಡ್ಡ ಬಿಲ್ಡರ್‌ಗಳಿಗೆ ಬೇಗ ಬೇಗ ದೊಡ್ಡ ಸಾಲ. ಬೇರೆ ಬ್ಯಾಂಕಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ತೀರ್ಮಾನ ಇಲ್ಲಿ ಕೆಲವೇ ದಿನಗಳಲ್ಲಿ ಆಗುತ್ತಿತ್ತು. 2003ರಲ್ಲಿ ಸುಮಾರು 1,800 ಕೋಟಿ ಯೂರೊ ಇದ್ದ ಆಂಗ್ಲೋ ಸಾಲದ ಮೊತ್ತ ಐದು ವರ್ಷಗಳಲ್ಲಿ 7,200 ಕೋಟಿ ದಾಟಿತು. ಬಿಲ್ಡರ್ ಮೊದಲ ನಿವೇಶನವನ್ನು ಸಾಲದಿಂದ ಕೊಂಡ. ಅದರ ಬೆಲೆ ಏರಿತು. ಆ ಏರಿದ ಭಾಗವನ್ನೇ ತನ್ನ ಸ್ವಂತ ಬಂಡವಾಳವೆಂದು ತೋರಿಸಿ ಎರಡನೆಯದಕ್ಕೆ ಸಾಲ ತಂದ. ಬಡ್ಡಿಯನ್ನೂ ಕಟ್ಟಬೇಕಿರಲಿಲ್ಲ, ಅದನ್ನು ಅಸಲಿಗೇ ಸೇರಿಸಲಾಗುತ್ತಿತ್ತು. ಒಬ್ಬನೇ ಬಿಲ್ಡರ್ ನೀಡಿದ ವೈಯಕ್ತಿಕ ಜಾಮೀನು ಹಲವು ಬ್ಯಾಂಕುಗಳ ಕಡತಗಳಲ್ಲಿ ಏಕಕಾಲಕ್ಕೆ ಕುಳಿತಿತ್ತು. ಹಳೆಯ ದೊಡ್ಡ ಬ್ಯಾಂಕುಗಳಾದ ಎಐಬಿ, ಬ್ಯಾಂಕ್ ಆಫ್ ಐರ್ಲೆಂಡ್‌ಗಳು ಇದನ್ನು ಕಂಡು ಹುಷಾರಾಗಬೇಕಿತ್ತು. ಷೇರುದಾರರು ಆಂಗ್ಲೋದ ಲಾಭವನ್ನು ತೋರಿಸಿ ಪ್ರಶ್ನಿಸತೊಡಗಿದಾಗ ಅವೂ ಅದೇ ದಾರಿ ಹಿಡಿದವು.

ಎರಡು ನಿವೇಶನಗಳ ಕಥೆ ಸಾಕು. 2005ರಲ್ಲಿ ಶಾನ್ ಡನ್ ಎಂಬ ಬಿಲ್ಡರ್ ಡಬ್ಲಿನ್‌ನ ಶ್ರೀಮಂತ ಬಡಾವಣೆ ಬಾಲ್ಸ್‌ಬ್ರಿಜ್‌ನಲ್ಲಿ ಹಳೆಯ ಹೋಟೆಲ್ ನಿವೇಶನವನ್ನು ಎಕರೆಗೆ ಸುಮಾರು 5.4 ಕೋಟಿ ಯೂರೊ ಕೊಟ್ಟು ಕೊಂಡರು. ಅಲ್ಲಿ 37 ಮಹಡಿಯ ಗೋಪುರ ಏಳಬೇಕಿತ್ತು. 2009ರಲ್ಲಿ ಯೋಜನಾ ಮಂಡಳಿ ಅನುಮತಿ ನಿರಾಕರಿಸಿತು, ಡನ್ 2013ರಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿದರು. ಎರಡನೆಯದು ರಿಂಗ್ಸ್‌ಎಂಡ್‌ನ ಹಳೆಯ ಗಾಜಿನ ಬಾಟಲಿ ಕಾರ್ಖಾನೆಯ 25 ಎಕರೆ. 2006ರ ಕೊನೆಯಲ್ಲಿ ಅದು 41.2 ಕೋಟಿ ಯೂರೊಗೆ ಹೋಯಿತು. ಕೊಂಡ ಕೂಟದಲ್ಲಿ ಬಂದರು ಪ್ರದೇಶದ ಅಭಿವೃದ್ಧಿಗೆಂದು ಇದ್ದ ಸರ್ಕಾರಿ ಪ್ರಾಧಿಕಾರವೂ ಪಾಲುದಾರ. ಸಾಲ ಕೊಟ್ಟವರಲ್ಲಿ ಆಂಗ್ಲೋ ಮುಂದೆ. ಆ ಪ್ರಾಧಿಕಾರದ ಮಂಡಳಿಯಲ್ಲಿ ಕುಳಿತಿದ್ದವರಲ್ಲಿ ಆಂಗ್ಲೋ ಅಧ್ಯಕ್ಷ ಫಿಟ್ಸ್‌ಪ್ಯಾಟ್ರಿಕ್ ಕೂಡ ಒಬ್ಬರು. ಕೆಲವೇ ವರ್ಷಗಳಲ್ಲಿ ಆ ನೆಲದ ಬೆಲೆ ಕೊಟ್ಟದ್ದರ ಹತ್ತರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಬಂತು.

ಅದೇ ವರ್ಷಗಳಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿದಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು. ವೈ.ವಿ. ರೆಡ್ಡಿ ಗವರ್ನರ್ ಆಗಿದ್ದಾಗ ವಾಣಿಜ್ಯ ರಿಯಲ್ ಎಸ್ಟೇಟ್ ಸಾಲಕ್ಕೆ ಬ್ಯಾಂಕುಗಳು ಎತ್ತಿಡಬೇಕಾದ ಬಂಡವಾಳವನ್ನು 2005ರಲ್ಲಿ ಮತ್ತು 2006ರಲ್ಲಿ ಹೆಚ್ಚಿಸಲಾಯಿತು. ಖಾಸಗಿ ಬಿಲ್ಡರ್‌ಗೆ ಬರೀ ಜಮೀನು ಕೊಳ್ಳಲು ಬ್ಯಾಂಕ್ ಸಾಲ ಕೊಡುವಂತಿಲ್ಲ ಎಂಬ ನಿಯಮವೂ ಇತ್ತು. ಆಗ ಬೆಂಗಳೂರಿನ ಬಿಲ್ಡರ್‌ಗಳು ಗೊಣಗಿದ್ದರೆ ಆಶ್ಚರ್ಯವಿಲ್ಲ. ಡಬ್ಲಿನ್‌ನ ಹಣಕಾಸು ನಿಯಂತ್ರಕರ ಬಳಿ ಇಂಥ ಆಯುಧಗಳು ಇದ್ದವು, ಬಡ್ಡಿ ಮಾತ್ರ ಫ್ರಾಂಕ್‌ಫರ್ಟ್‌ನ ಕೈಯಲ್ಲಿತ್ತು. ಬ್ಯಾಂಕುಗಳ ಆಡಳಿತ ಮಂಡಳಿಗಳೇ ಜವಾಬ್ದಾರಿಯಿಂದ ನಡೆದುಕೊಳ್ಳುತ್ತವೆ ಎಂದು ನಂಬಿ ಅವರು ಬಹುತೇಕ ಕೈಕಟ್ಟಿ ಕುಳಿತರು.

ಇನ್ನು ಸರ್ಕಾರ. ಸಾಲ ಬೆಂಕಿಯಾದರೆ ತೆರಿಗೆ ರಿಯಾಯಿತಿ ಗಾಳಿ ಹಾಕಿತು. ವಾಸದ ಮನೆಗಳ ಮೇಲಿನ ವಾರ್ಷಿಕ ತೆರಿಗೆಯನ್ನು ಎಪ್ಪತ್ತರ ದಶಕದ ಕೊನೆಯಲ್ಲೇ ಚುನಾವಣಾ ಭರವಸೆಯಾಗಿ ರದ್ದು ಮಾಡಲಾಗಿತ್ತು. ಮನೆ ಖಾಲಿ ಇಟ್ಟುಕೊಂಡರೂ ಖರ್ಚಿಲ್ಲ. 1998ರಲ್ಲಿ ಶಾನನ್ ನದಿಯ ಮೇಲ್ಭಾಗದ ಹಿಂದುಳಿದ ಕೌಂಟಿಗಳಾದ ಲೀಟ್ರಿಮ್, ಲಾಂಗ್‌ಫರ್ಡ್ ಮುಂತಾದ ಕಡೆ ಮನೆ ಕಟ್ಟಿದವರಿಗೆ ಆದಾಯ ತೆರಿಗೆಯಲ್ಲಿ ದೊಡ್ಡ ವಿನಾಯಿತಿ ಬಂತು. ಡಬ್ಲಿನ್‌ನ ವೈದ್ಯರು, ವಕೀಲರು ಎಂದೂ ಕಾಣದ ಹಳ್ಳಿಗಳಲ್ಲಿ ತೆರಿಗೆ ಉಳಿಸಲು ಮನೆ ಕೊಂಡರು. ಅರ್ಥಶಾಸ್ತ್ರಜ್ಞ ಪೀಟರ್ ಬೇಕನ್ 1998ರಲ್ಲಿ ಕೊಟ್ಟ ವರದಿಯಂತೆ ಹೂಡಿಕೆಗಾಗಿ ಮನೆ ಕೊಳ್ಳುವವರ ಬಡ್ಡಿ ವಿನಾಯಿತಿ ತೆಗೆಯಲಾಯಿತು, ಮಾರುಕಟ್ಟೆ ಸ್ವಲ್ಪ ತಣ್ಣಗಾಯಿತು. 2001ರ ಕೊನೆಯ ಬಜೆಟ್‌ನಲ್ಲಿ ಅದನ್ನು ಮತ್ತೆ ಕೊಡಲಾಯಿತು. ನನಗೆ ಅತ್ಯಂತ ನೋವಿನ ಸಂಗತಿ ಎನಿಸುವುದು ಇದಕ್ಕಿಂತ ಹಳೆಯದು. 1973ರಲ್ಲಿ ನ್ಯಾಯಮೂರ್ತಿ ಜಾನ್ ಕೆನ್ನಿ ಸಮಿತಿ, ನಗರದ ಅಂಚಿನ ಜಮೀನನ್ನು ಕೃಷಿ ಬೆಲೆಯ ಮೇಲೆ ಶೇ 25 ಮಾತ್ರ ಹೆಚ್ಚು ಕೊಟ್ಟು ಸ್ಥಳೀಯ ಆಡಳಿತ ವಹಿಸಿಕೊಳ್ಳಲಿ ಎಂದು ಸಲಹೆ ಮಾಡಿತ್ತು. ಯಾವ ಸರ್ಕಾರವೂ ಜಾರಿ ಮಾಡಲಿಲ್ಲ. ಹೊಲವನ್ನು ವಸತಿ ವಲಯಕ್ಕೆ ಬದಲಾಯಿಸುವ ಒಂದು ನಿರ್ಣಯ ಒಬ್ಬನನ್ನು ರಾತ್ರೋರಾತ್ರಿ ಕೋಟ್ಯಧಿಪತಿ ಮಾಡುತ್ತಿತ್ತು. ಅಂಥ ನಿರ್ಣಯಗಳಿಗಾಗಿ ಡಬ್ಲಿನ್ ಕೌನ್ಸಿಲರುಗಳಿಗೆ ಹೋದ ಲಂಚದ ತನಿಖೆ 1997ರಲ್ಲಿ ಶುರುವಾಗಿ, ಮಹೋನ್ ಆಯೋಗದ ಅಂತಿಮ ವರದಿಯಾಗಿ ಬಂದದ್ದು 2012ರಲ್ಲಿ.

ಮನೆ ಮಾರಾಟವಾದಾಗಲೆಲ್ಲ ಮುದ್ರಾಂಕ ಶುಲ್ಕ ಖಜಾನೆಗೆ ಹರಿಯುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ಉಳಿತಾಯ, ದೇಶದ ಸಾಲ ಜಿಡಿಪಿಯ ಕಾಲು ಭಾಗದಷ್ಟೇ. ದುಡಿಯುವ ನೂರು ಜನರಲ್ಲಿ ಹದಿಮೂರು ಮಂದಿ ಕಟ್ಟಡ ಕೆಲಸದಲ್ಲಿ. ಹೀಗಿರುವಾಗ ಎಚ್ಚರಿಸುವವರ ಮಾತು ಯಾರಿಗೆ ಬೇಕು? ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಅರ್ಥಶಾಸ್ತ್ರಜ್ಞ ಮಾರ್ಗನ್ ಕೆಲ್ಲಿ, 1970ರಿಂದ ಈಚೆಗೆ ಬೇರೆ ಬೇರೆ ಶ್ರೀಮಂತ ದೇಶಗಳಲ್ಲಿ ಮನೆಯ ಬೆಲೆ ಏರಿ ಇಳಿದ ಸುಮಾರು ನಲವತ್ತು ಸಂದರ್ಭಗಳನ್ನು ಅಭ್ಯಾಸ ಮಾಡಿದ್ದರು. ಏರಿದ್ದರಲ್ಲಿ ಸುಮಾರು ಶೇ 70ರಷ್ಟು ಮತ್ತೆ ಇಳಿಯುತ್ತದೆ ಎಂಬುದು ಅವರು ಕಂಡ ನಿಯಮ. 2006ರ ಡಿಸೆಂಬರ್ ಕೊನೆಯಲ್ಲಿ ದಿ ಐರಿಶ್ ಟೈಮ್ಸ್ ಪತ್ರಿಕೆಯಲ್ಲಿ ಎಚ್ಚರಿಕೆ ಬರೆದ ಅವರು, ಐರ್ಲೆಂಡ್‌ನ ಬೆಲೆಗಳು ಹಣದುಬ್ಬರ ಕಳೆದು ಶೇ 40ರಿಂದ 60ರಷ್ಟು ಕುಸಿಯಬಹುದು ಎಂದು 2007ರಲ್ಲಿ ಲೆಕ್ಕ ಸಮೇತ ಹೇಳಿದರು. ಅದೇ ವರ್ಷದ ಜುಲೈಯಲ್ಲಿ ಪ್ರಧಾನಿ ಬರ್ಟಿ ಅಹರ್ನ್, ಆರ್ಥಿಕತೆಯ ಬಗ್ಗೆ ಗೊಣಗುತ್ತ ಕೂರುವವರು ಆತ್ಮಹತ್ಯೆ ಯಾಕೆ ಮಾಡಿಕೊಳ್ಳುವುದಿಲ್ಲವೋ ಎಂಬರ್ಥದ ಮಾತಾಡಿ, ಆಮೇಲೆ ಕ್ಷಮೆ ಕೇಳಿದರು.

ಆ ಹೊತ್ತಿಗೆ ಬೆಲೆ ಶಿಖರ ದಾಟಿಯಾಗಿತ್ತು. ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ 2005ರ ಡಿಸೆಂಬರ್‌ನಿಂದ ದರ ಏರಿಸುತ್ತ 2007ರ ಜೂನ್‌ಗೆ ಶೇ 4ಕ್ಕೆ ತಂದಿತ್ತು. ಮೊದಲ ಮನೆ ಕೊಳ್ಳುವವರು ಹಿಂದೆ ಸರಿದರು. ನಂತರ ಅಮೆರಿಕದ ಗೃಹಸಾಲ ಬಿಕ್ಕಟ್ಟು ಬಂದು, ಹೊರಗಿನ ಬ್ಯಾಂಕುಗಳು ಐರಿಶ್ ಬ್ಯಾಂಕುಗಳಿಗೆ ಕೊಟ್ಟ ಹಣವನ್ನು ಅವಧಿ ಮುಗಿದಂತೆ ವಾಪಸ್ ಕೇಳಿದವು. 35 ವರ್ಷದ ಗೃಹಸಾಲಕ್ಕೆ ಮೂರು ತಿಂಗಳ ಅವಧಿಯ ಎರವಲು ಹಣ ಹಾಕಿದ್ದರ ಪರಿಣಾಮ ಆಗ ಕಾಣಿಸಿತು. ಏರುವಾಗ ನಡೆದ ಸುತ್ತು ಈಗ ತಿರುಗುಮುರುಗಾಗಿ ನಡೆಯಿತು: ಸಾಲ ನಿಂತಿತು, ಬೆಲೆ ಬಿತ್ತು, ಅಡಮಾನ ಕರಗಿತು, ಸಾಲ ಮತ್ತಷ್ಟು ನಿಂತಿತು.

2008ರ ಸೆಪ್ಟೆಂಬರ್ 29, ಸೋಮವಾರ. ನ್ಯೂಯಾರ್ಕ್‌ನಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿ ಎರಡು ವಾರ. ಆ ಒಂದೇ ದಿನ ಆಂಗ್ಲೋ ಷೇರು ಶೇ 46ರಷ್ಟು ಬಿತ್ತು. ರಾತ್ರಿ ಡಬ್ಲಿನ್‌ನ ಸರ್ಕಾರಿ ಕಟ್ಟಡದಲ್ಲಿ ಪ್ರಧಾನಿ ಬ್ರಯನ್ ಕೋವೆನ್, ಹಣಕಾಸು ಸಚಿವ ಬ್ರಯನ್ ಲೆನಿಹನ್, ಕೇಂದ್ರ ಬ್ಯಾಂಕಿನವರು, ನಿಯಂತ್ರಕರು ಕುಳಿತರು. ಎಐಬಿ, ಬ್ಯಾಂಕ್ ಆಫ್ ಐರ್ಲೆಂಡ್ ಮುಖ್ಯಸ್ಥರು ಬಂದರು. ಆಂಗ್ಲೋಗೆ ಬೇಕಿರುವುದು ತಾತ್ಕಾಲಿಕ ಹಣ, ಅದರ ಆಸ್ತಿ ಗಟ್ಟಿಯಾಗಿದೆ ಎಂದು ಆ ಕೋಣೆಯಲ್ಲಿದ್ದವರು ನಂಬಿದ್ದರು ಅಥವಾ ನಂಬಬಯಸಿದ್ದರು. ಸಚಿವ ಸಂಪುಟದ ಉಳಿದ ಸದಸ್ಯರನ್ನು ನಡುರಾತ್ರಿ ಫೋನ್ ಮಾಡಿ ಎಬ್ಬಿಸಿ ಒಪ್ಪಿಗೆ ಪಡೆಯಲಾಯಿತು. ಬೆಳಗಾಗುವಷ್ಟರಲ್ಲಿ ಆರು ಸಂಸ್ಥೆಗಳ ಠೇವಣಿಗಳಿಗೂ ಬಾಂಡ್ ಸಾಲಗಳಿಗೂ ಎರಡು ವರ್ಷಗಳ ಮಟ್ಟಿಗೆ ಸರ್ಕಾರವೇ ಜಾಮೀನು ನಿಂತಿತ್ತು. ಮೊತ್ತ ಸುಮಾರು 44,000 ಕೋಟಿ ಯೂರೊ, ದೇಶದ ವಾರ್ಷಿಕ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಬಿಲ್ಡರ್‌ಗಳೂ ಬ್ಯಾಂಕುಗಳೂ ಮಾಡಿದ ಸಾಲ ಆ ರಾತ್ರಿ ಶಿಕ್ಷಕಿ, ನರ್ಸ್, ಪಿಂಚಣಿದಾರರ ಸಾಲವಾಯಿತು.

ಮುಂದಿನದು ಬೇಗ ಬೇಗ ನಡೆಯಿತು. ಫಿಟ್ಸ್‌ಪ್ಯಾಟ್ರಿಕ್ ತಮ್ಮದೇ ಬ್ಯಾಂಕಿನಿಂದ ಪಡೆದ ದೊಡ್ಡ ಸಾಲಗಳನ್ನು ವರ್ಷಾಂತ್ಯದ ಲೆಕ್ಕಕ್ಕೆ ಮುನ್ನ ಬೇರೆ ಸಂಸ್ಥೆಗೆ ಸರಿಸುತ್ತಿದ್ದರೆಂಬುದು ಹೊರಬಿದ್ದು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2009ರ ಜನವರಿಯಲ್ಲಿ ಆಂಗ್ಲೋ ರಾಷ್ಟ್ರೀಕರಣವಾಯಿತು. ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳಲು ನಾಮಾ ಎಂಬ ಸಂಸ್ಥೆ ಹುಟ್ಟಿತು. ಅದು 7,400 ಕೋಟಿ ಯೂರೊ ಮುಖಬೆಲೆಯ ಸಾಲಗಳನ್ನು ಕೊಂಡದ್ದು 3,180 ಕೋಟಿಗೆ. ಕಡತ ಬಿಚ್ಚಿದಾಗ ನಾಲ್ಕರಲ್ಲಿ ಒಂದು ಭಾಗದ ಸಾಲಗಳಿಂದ ಮಾತ್ರ ಆದಾಯ ಬರುತ್ತಿತ್ತು. 2010ರ ನವೆಂಬರ್ 18ರ ಬೆಳಿಗ್ಗೆ, ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ಹೊನಹನ್ ಫ್ರಾಂಕ್‌ಫರ್ಟ್‌ನಿಂದ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಐಎಂಎಫ್ ಸಾಲ ಬರಲಿದೆ ಎಂದರು. ಸರ್ಕಾರ ಅಲ್ಲಿಯ ತನಕ ಅಲ್ಲಗಳೆಯುತ್ತ ಬಂದಿತ್ತು. ದೇಶ ತಾನು ಸೋತದ್ದನ್ನು ಉಪಾಹಾರದ ಹೊತ್ತಿನಲ್ಲಿ ರೇಡಿಯೊದಲ್ಲಿ ಕೇಳಿತು. ಒಪ್ಪಂದದ ಮೊತ್ತ 8,500 ಕೋಟಿ ಯೂರೊ.

ಬ್ಯಾಂಕುಗಳನ್ನು ಎತ್ತಲು ಜನ ಹಾಕಿದ್ದು ಒಟ್ಟು ಸುಮಾರು 6,400 ಕೋಟಿ ಯೂರೊ: ಹಸುಗೂಸಿನಿಂದ ಹಿಡಿದು ತಲೆಗೆ ಸುಮಾರು 14,000 ಯೂರೊ. ಆಂಗ್ಲೋ ಒಂದಕ್ಕೇ 2,900 ಕೋಟಿ ಹೋಯಿತು. ಸರ್ಕಾರಿ ನೌಕರರ ಸಂಬಳ ಕಡಿತವಾಯಿತು, ಹೊಸ ತೆರಿಗೆ ಬಂತು, 2011ರಲ್ಲಿ ಕೆಲವು ತಿಂಗಳು ಕನಿಷ್ಠ ಕೂಲಿಯನ್ನೂ ಗಂಟೆಗೆ ಒಂದು ಯೂರೊ ಇಳಿಸಲಾಯಿತು. ನಾವೆಲ್ಲರೂ ಸೇರಿ ಹಬ್ಬ ಮಾಡಿದೆವು ಎಂದು ಲೆನಿಹನ್ ಟಿವಿಯಲ್ಲಿ ಹೇಳಿದ್ದರು. ಅದು ನಿಜವಲ್ಲ. ಲೆನಿಹನ್ ಆಗ ಕ್ಯಾನ್ಸರ್‌ನೊಂದಿಗೆ ಹೋರಾಡುತ್ತ ಕೆಲಸ ಮಾಡುತ್ತಿದ್ದವರು, ಅವರ ಶ್ರಮದ ಬಗ್ಗೆ ಗೌರವವಿದೆ. ಆದರೆ ಗಂಟೆಗೆ ಎಂಟೂವರೆ ಯೂರೊಗೆ ಹೋಟೆಲಿನ ಪಾತ್ರೆ ತೊಳೆಯುತ್ತಿದ್ದವರು ಆ ಹಬ್ಬದಲ್ಲಿ ಇರಲಿಲ್ಲ.

ಲೀಟ್ರಿಮ್, ಲಾಂಗ್‌ಫರ್ಡ್ ಕಡೆ ಹೋದವರಿಗೆ ಕಾಣುತ್ತಿದ್ದದ್ದು ಅರ್ಧಕ್ಕೆ ನಿಂತ ಬಡಾವಣೆಗಳು. ಟಾರಿನ ಕೊನೆಯ ಪದರ ಬೀಳದೆ ರಸ್ತೆಯ ಮಟ್ಟದಿಂದ ಮೇಲೆದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳಗಳು, ದೀಪ ಉರಿಯದ ಕಂಬಗಳು, ಮುಂದಿನ ಸಾಲಿನಲ್ಲಿ ಪರದೆ ಹಾಕಿದ ಎರಡು ಮನೆ, ಹಿಂದೆ ಚಾವಣಿ ಇಲ್ಲದ ಇಪ್ಪತ್ತು. 2010ರ ಸರ್ಕಾರಿ ಸಮೀಕ್ಷೆ ಇಂಥ 2,800ಕ್ಕೂ ಹೆಚ್ಚು ಬಡಾವಣೆಗಳನ್ನು ಎಣಿಸಿತು. 2012ರಲ್ಲಿ ಅಥ್ಲೋನ್‌ನ ಒಂದು ಅಪೂರ್ಣ ಬಡಾವಣೆಯಲ್ಲಿ ನಿಂತ ನೀರಿಗೆ ಬಿದ್ದು ಎರಡು ವರ್ಷದ ಮಗು ತೀರಿಕೊಂಡಿತು. ಡಬ್ಲಿನ್‌ನ ಪ್ರಯರಿ ಹಾಲ್ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯವನ್ನು ಬೆಂಕಿ ಸುರಕ್ಷತೆ ಇಲ್ಲವೆಂದು 2011ರಲ್ಲಿ ಕೋರ್ಟ್ ಖಾಲಿ ಮಾಡಿಸಿತು. ವಾಸಿಸಲಾಗದ ಮನೆಗೆ ನಿವಾಸಿಗಳ ತಲೆಯ ಮೇಲೆ ಸಾಲ ಮಾತ್ರ ಉಳಿಯಿತು. ಅವಸರದ ಸಾಲ ಅವಸರದ ಗೋಡೆಗಳನ್ನೂ ಕಟ್ಟಿತ್ತು. ಬೆಲೆ 2013ರ ವೇಳೆಗೆ ಶಿಖರದಿಂದ ಅರ್ಧಕ್ಕೆ ಇಳಿದಿತ್ತು, ಡಬ್ಲಿನ್‌ನಲ್ಲಿ ಇನ್ನೂ ಹೆಚ್ಚು. ಎಂಟರಲ್ಲಿ ಒಂದು ಗೃಹಸಾಲದ ಕಂತು ಮೂರು ತಿಂಗಳಿಗಿಂತ ಹೆಚ್ಚು ಬಾಕಿ. ಕೆಲ್ಲಿ ಹೇಳಿದ್ದ ಲೆಕ್ಕ ಸರಿಯಾಗಿತ್ತು.

ಆಂಗ್ಲೋ ಮುಖ್ಯಾಧಿಕಾರಿಯಾಗಿದ್ದ ಡ್ರಮ್‌ಗೆ 2018ರಲ್ಲಿ ಆರು ವರ್ಷ ಜೈಲು ಶಿಕ್ಷೆಯಾಯಿತು. ಫಿಟ್ಸ್‌ಪ್ಯಾಟ್ರಿಕ್ ವಿರುದ್ಧದ ಮೊಕದ್ದಮೆಗಳು ಖುಲಾಸೆಯಲ್ಲಿ ಮುಗಿದವು. ಅವರು 2021ರಲ್ಲಿ ತೀರಿಕೊಂಡರು. ಲಿಫಿ ನದಿಯ ದಂಡೆಯಲ್ಲಿ ಆಂಗ್ಲೋ ತನ್ನ ಪ್ರಧಾನ ಕಚೇರಿಗೆಂದು ಕಟ್ಟಲು ತೊಡಗಿ ಅಸ್ಥಿಪಂಜರವಾಗಿ ಬಿಟ್ಟುಹೋಗಿದ್ದ ಕಟ್ಟಡವನ್ನು ಕೇಂದ್ರ ಬ್ಯಾಂಕ್ ಕೊಂಡು ಮುಗಿಸಿ, 2017ರಲ್ಲಿ ತಾನೇ ಅಲ್ಲಿಗೆ ಹೋಯಿತು. ಅದಕ್ಕಿಂತ ಮುಖ್ಯವಾದ ಕೆಲಸವನ್ನು ಅದು 2015ರಲ್ಲಿ ಮಾಡಿತ್ತು: ಗೃಹಸಾಲ ವಾರ್ಷಿಕ ಆದಾಯದ ಮೂರೂವರೆ ಪಟ್ಟು ಮೀರಬಾರದು, ಮನೆಯ ಬೆಲೆಯಲ್ಲಿ ಒಂದು ಪಾಲನ್ನು ಕೊಳ್ಳುವವರು ಕೈಯಿಂದ ಹಾಕಲೇಬೇಕು. ಹತ್ತು ವರ್ಷ ಮೊದಲೇ ಬರಬೇಕಿದ್ದ ನಿಯಮ. 2023ರಿಂದ ಮೊದಲ ಮನೆ ಕೊಳ್ಳುವವರಿಗೆ ಮಿತಿಯನ್ನು ನಾಲ್ಕು ಪಟ್ಟಿಗೆ ಸಡಿಲಿಸಲಾಗಿದೆ.

ಹಾಗಿದ್ದೂ 2022ರ ಮಧ್ಯದಲ್ಲಿ ಐರ್ಲೆಂಡ್‌ನ ಮನೆಯ ಬೆಲೆ 2007ರ ಶಿಖರವನ್ನು ದಾಟಿತು. ಸಾಲದ ನಿಯಮ ಬಿಗಿಯಾಗಿದ್ದಾಗಲೇ ಹೀಗಾಯಿತು ಎಂಬುದನ್ನು ಹಿಡಿದು, ಬೆಲೆಗೂ ಬ್ಯಾಂಕ್ ಸಾಲಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಎರಡನೇ ಏರಿಕೆಯ ಕಾರಣ ಮನೆಗಳ ಕೊರತೆ, ನಿಜ. ಜನಸಂಖ್ಯೆ 51 ಲಕ್ಷ ದಾಟಿದೆ, ಸಂಬಳ ಏರಿದೆ. ಆದರೆ ಕೊರತೆ ಎಲ್ಲಿಂದ ಬಂತು? ಬಿಲ್ಡರ್‌ಗಳು ದಿವಾಳಿಯಾಗಿ, ಗಾರೆ ಕೆಲಸದವರು, ಬಡಗಿಗಳು ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋಗಿ, ಸರ್ಕಾರದ ವಸತಿ ಬಜೆಟ್ ಬ್ಯಾಂಕುಗಳ ಬಾಯಿಗೆ ಬಿದ್ದು, 2013ರಲ್ಲಿ ಇಡೀ ದೇಶದಲ್ಲಿ ಕಟ್ಟಿ ಮುಗಿದದ್ದು 4,575 ಹೊಸ ಮನೆಗಳು. ಅಂಥ ವರ್ಷಗಳು ಸಾಲಾಗಿ ಬಂದವು. ಮೊದಲ ಏರಿಕೆಯನ್ನು ಮಾಡಿದ ಸಾಲವೇ ಎರಡನೆಯದನ್ನೂ ಮಾಡಿತು, ಹದಿನೈದು ವರ್ಷ ತಡವಾಗಿ.

2022ರ ಜನಗಣತಿಯ ಪ್ರಕಾರ ಐರ್ಲೆಂಡ್‌ನಲ್ಲಿ ಸುಮಾರು 45 ಸಾವಿರ ಭಾರತೀಯ ಪ್ರಜೆಗಳಿದ್ದರು. ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಅವರ ನಡುವೆ ಬೆಂಗಳೂರಿನಿಂದ, ಮಂಗಳೂರಿನಿಂದ ಹೋದ ನಮ್ಮವರೂ ಇದ್ದಾರೆ. 2006ರ ಸಾಲವನ್ನು ಅವರು ಮಾಡಿರಲಿಲ್ಲ. ಡಬ್ಲಿನ್‌ನಲ್ಲಿ ಈಗ ಅವರು ಕೊಡುತ್ತಿರುವ ಬಾಡಿಗೆಯಲ್ಲಿ ಅದರ ಪಾಲೂ ಇದೆ.